ಹೊಸ ಕಂಪ್ಯೂಟರ್ ತರುವ ಮುಂಚೆ ಹಳೇ ಪ್ರಿಂಟರ್ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆಗಿನಿಂದ ಡಿಟಿಪಿ ಸೆಂಟರು, ತೆರಿಗೆ ಸಲಹೆಗಾರರ ಆಫೀಸು, ಸಣ್ಣ ವ್ಯಾಪಾರದವರ ಕೌಂಟರು, ಎಲ್ಲ ಕಡೆಯೂ ಒಂದೇ ಮಾತು: ಹೇಗೂ ಹೊಸ ಮಷೀನ್ ತಗೋಬೇಕು, ಇದೇ ನೆಪದಲ್ಲಿ ಲಿನಕ್ಸ್‌ಗೋ ಮ್ಯಾಕ್‌ಗೋ ಹೋಗಿಬಿಡೋಣವೇ? ಯಾವ ಓಎಸ್ ಮೇಲು ಎಂಬ ಜಗಳ ಇಲ್ಲಿ ಬೇಡ. ಅದನ್ನು ತೀರ್ಮಾನಿಸುವುದು ಈಗಾಗಲೇ ಮೇಜಿನ ಮೇಲಿರುವ ಸಾಮಾನುಗಳು: ಪ್ರಿಂಟರ್, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ಲೆಕ್ಕಪತ್ರದ ಟ್ಯಾಲಿ, ಹತ್ತು ವರ್ಷದಿಂದ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಫೈಲುಗಳು.

ಅದಕ್ಕೂ ಮೊದಲು, ಮಷೀನ್ ಬದಲಿಸುವ ಅಗತ್ಯ ಇದೆಯೇ ನೋಡಿಕೊಳ್ಳಿ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ, 'ಟಿಪಿಎಂ ಡಾಟ್ ಎಂಎಸ್‌ಸಿ' ಎಂದು ಟೈಪ್ ಮಾಡಿ. ಅಲ್ಲಿ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಆವೃತ್ತಿ 2.0 ಎಂದಿದ್ದು, ಪ್ರೊಸೆಸರ್ ಇಂಟೆಲ್‌ನ 8ನೇ ತಲೆಮಾರಿನದೋ ಆಮೇಲಿನದೋ ಆಗಿದ್ದರೆ ವಿಂಡೋಸ್ 11 ಅದೇ ಮಷೀನಿನಲ್ಲಿ ಕೂರುತ್ತದೆ. ಐ5-8250 ಎಂದಿದ್ದರೆ ಎಂಟನೆಯದು, ಐ5-7200 ಎಂದಿದ್ದರೆ ಏಳನೆಯದು. ಒಂದೇ ಅಂಕಿಯಲ್ಲಿ ಕತೆ ಮುಗಿಯಿತು. ಟಿಪಿಎಂ ಸಿಗುತ್ತಿಲ್ಲ ಎಂದು ಬಂದರೆ ಗಾಬರಿ ಬೇಡ. ಎಷ್ಟೋ ಬೋರ್ಡುಗಳಲ್ಲಿ ಅದು ಬಯೋಸ್‌ನಲ್ಲಿ, ಅಂದರೆ ಮಷೀನ್ ಶುರುವಾಗುವಾಗಿನ ಸೆಟ್ಟಿಂಗಿನಲ್ಲಿ, ಆಫ್ ಆಗಿರುತ್ತದೆ, ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ. ಇಷ್ಟು ಸರಿಯಿದ್ದರೆ ಒಂದು ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿಸಿ ಕೆಲಸ ಮುಂದುವರಿಸಬಹುದು. ಮನೆಬಳಕೆಯ ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟಿನ ಯೋಜನೆ 2026ರ ಅಕ್ಟೋಬರ್ 13ರವರೆಗೆ ಎಂದು ಬಂತು. ಅದು ಉಸಿರಾಡಲು ಸಿಕ್ಕ ಒಂದು ವರ್ಷ, ಅಷ್ಟೇ.

ಈಗ ಅಸಲಿ ವಿಷಯ, ಕನ್ನಡ ಫೈಲುಗಳು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. 'ಕನ್ನಡ' ಎಂಬ ಪದ ಡಿಸ್ಕಿನಲ್ಲಿ ಕೂತಿರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡ್ ಗುರುತು, ಕ್ಯೂ ಇತ್ಯಾದಿಗಳ ಸಾಲಾಗಿ. ಫಾಂಟ್ ಆ ಗುರುತುಗಳಿಗೆ ಕನ್ನಡದ ವೇಷ ಹಾಕುತ್ತದೆ. ನಿಮ್ಮ ಫೈಲು ಯಾವ ಜಾತಿ ಎಂದು ತಿಳಿಯಲು ಒಂದು ಪ್ಯಾರಾ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತವಿರುವ ಪದ್ಧತಿ; ಚಿತ್ರವಿಚಿತ್ರ ಇಂಗ್ಲಿಷ್ ಆದರೆ ಈ ವೇಷದ ಪದ್ಧತಿ, ವಾಡಿಕೆಯಲ್ಲಿ ಆಸ್ಕಿ.

ಯೂನಿಕೋಡ್ ಆದರೆ ಯಾವ ಓಎಸ್‌ಗೆ ಹೋದರೂ ಅಕ್ಷರ ಉಳಿಯುತ್ತದೆ. ಆಸ್ಕಿ ಫೈಲುಗಳನ್ನು ಲಿನಕ್ಸಿನಲ್ಲಿ ಓದಲು ನುಡಿಯ ಟಿಟಿಎಫ್ ಫಾಂಟುಗಳನ್ನು ಕಾಪಿ ಮಾಡಿಕೊಂಡರೆ ಸಾಕು, ಎಂಎಸ್ ಆಫೀಸಿನಂಥದ್ದೇ ಆದ ಲಿಬ್ರೆ ಆಫೀಸ್ ತೋರಿಸುತ್ತದೆ, ಪ್ರಿಂಟೂ ಕೊಡುತ್ತದೆ. ತಿದ್ದಲು ಹೊರಟಾಗ ತೊಡಕು ಶುರು, ಏಕೆಂದರೆ ಆ ಸಂಕೇತಗಳನ್ನು ಹೊಡೆಯುವ ನುಡಿ ತಂತ್ರಾಂಶ ಇರುವುದು ವಿಂಡೋಸ್‌ನಲ್ಲಿ. ಹಾಗಾಗಿ ದಿನಾ ತಿದ್ದುವ ಫೈಲುಗಳನ್ನಾದರೂ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅರ್ಕಾವೊತ್ತಿನಲ್ಲಿ. ಆಸ್ಕಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರವಾದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಅಕ್ಷರಕ್ಕೆ ಮೊದಲು. ಅದನ್ನು ಹಿಂದಕ್ಕೆ ತಳ್ಳಲು ಮರೆತ ಪರಿವರ್ತಕ 'ಕರ್ನಾಟಕ'ವನ್ನು 'ಕನಾರ್ಟಕ' ಮಾಡಿ ಕೈಗಿಡುತ್ತದೆ. ಎರಡನೇ ಎಡವಟ್ಟು, ನಡುನಡುವೆ ಇರುವ ಇಂಗ್ಲಿಷ್ ಪದಗಳು: ಅವನ್ನೂ ನುಡಿ ಸಂಕೇತ ಎಂದೇ ತಿಳಿದು ಕನ್ನಡದ ಕಲಸುಮೇಲೋಗರ ಮಾಡುತ್ತದೆ. ಪೂರ್ತಿ ಫೋಲ್ಡರ್ ಒಪ್ಪಿಸುವ ಮುಂಚೆ ಸರ್ವೆ ನಂಬರು, ಇಂಗ್ಲಿಷ್ ಹೆಸರು, ಅರ್ಕಾವೊತ್ತು ಮೂರೂ ಇರುವ ಒಂದು ಪುಟ ಹಾಕಿ ಪರೀಕ್ಷಿಸಿ. ಕ್ರಯಪತ್ರದಲ್ಲಿ ಊರಿನ ಹೆಸರು ತಿರುಚಿಕೊಂಡರೆ ಆಮೇಲೆ ತಿದ್ದುಪಡಿ ಪತ್ರಕ್ಕೆ ಓಡಾಡಬೇಕು.

ಪುಟವಿನ್ಯಾಸಕ್ಕೆ ಪೇಜ್‌ಮೇಕರ್ ಬಳಸುವ ಪ್ರೆಸ್ಸಿನವರಿಗೆ ಇನ್ನೂ ನೇರವಾಗಿ ಹೇಳಬಹುದು: ವಿಂಡೋಸ್ ಬಿಡಬೇಡಿ. 2001ರಲ್ಲಿ ಬಂದ ಪೇಜ್‌ಮೇಕರ್ 7ಕ್ಕೆ ಯೂನಿಕೋಡ್ ಕನ್ನಡ ಗೊತ್ತೇ ಇಲ್ಲ. ನಿಮ್ಮ ಕೆಲಸವೆಲ್ಲ ಆಸ್ಕಿ ಫಾಂಟಿನ ಮೇಲೆ ನಿಂತಿದೆ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಹಾಗಾಗಿ 16 ಬಿಟ್ ಇನ್‌ಸ್ಟಾಲರ್ ಇರುವ ತೀರಾ ಹಳೇ ಸಿಡಿಗಳು ಅಲ್ಲೂ ಓಡುವುದಿಲ್ಲ ಎಂಬುದು ನೆನಪಿರಲಿ.

ಟೈಪಿಂಗ್ ಬಗ್ಗೆ ಹೆದರಿಕೆ ಬೇಡ. ನುಡಿಯ ಕೀಲಿಮಣೆ ವಿನ್ಯಾಸ, ಅಂದರೆ ಕನ್ನಡ ಗಣಕ ಪರಿಷತ್ತಿನ ಕಗಪ, ಲಿನಕ್ಸಿನಲ್ಲೂ ಇದೆ. ಟೈಪಿಂಗ್ ಭಾಷೆ ಬದಲಿಸುವ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ, ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಆರಿಸಿದರೆ ಬೆರಳಿಗೆ ಹೊಸದಾಗಿ ಕಲಿಸುವುದೇನೂ ಇಲ್ಲ. 'ವಿಂಡೋಸ್‌ಗೆ' ಎಂದು ಟೈಪ್ ಮಾಡಿ ನೋಡಿ. ಸ ಕೆಳಗೆ ಗ ಒತ್ತಾಗಿ 'ವಿಂಡೋಸ್ಗೆ' ಎಂದಾಗುತ್ತಿದ್ದರೆ ಒತ್ತು ತಡೆಯುವ ಕೀಲಿ ಹೊಸ ವಿನ್ಯಾಸದಲ್ಲಿ ಎಲ್ಲಿದೆ ಎಂದು ಹುಡುಕಿಟ್ಟುಕೊಳ್ಳಿ. ಇನ್ನೊಂದು ಕಿರಿಕಿರಿ ಫಾಂಟಿನದು. ತುಂಗಾ, ನಿರ್ಮಲಾ ಎರಡೂ ಮೈಕ್ರೋಸಾಫ್ಟ್‌ನವು. ಲಿನಕ್ಸಿನಲ್ಲಿ ಆ ಜಾಗಕ್ಕೆ ಲೋಹಿತ್ ಅಥವಾ ನೋಟೋ ಬಂದು ಕೂರುತ್ತದೆ, ಸಾಲಿನ ಎತ್ತರ ಬದಲಾಗಿ ಎರಡು ಪುಟದ ಅರ್ಜಿ ಮೂರನೇ ಪುಟಕ್ಕೆ ಇಳಿಯುತ್ತದೆ. ಎರಡೂ ಕಡೆ ನೋಟೋ ಹಾಕಿಕೊಂಡರೆ ಆ ಗೋಳು ತಪ್ಪುತ್ತದೆ. ತಮಾಷೆಯೆಂದರೆ ವಿಂಡೋಸ್ 10ರಿಂದೀಚೆಗೆ ತುಂಗಾ ವಿಂಡೋಸಿನಲ್ಲೂ ತಾನಾಗಿ ಸಿಗದೆ ಇರಬಹುದು, ಆಪ್ಷನಲ್ ಫೀಚರ್ಸ್‌ನಿಂದ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಬೇಕಾಗುತ್ತದೆ.

ಪ್ರಿಂಟರಿಗೆ ಬರೋಣ. ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020: ಈ ಎರಡರಲ್ಲಿ ಒಂದಾದರೂ ಇಲ್ಲದ ಸಣ್ಣ ಆಫೀಸು ಅಪರೂಪ. ಎರಡರಲ್ಲೂ ಸ್ವಂತ ಬುದ್ಧಿ ಕಡಿಮೆ, ಪುಟವನ್ನು ಚಿತ್ರವಾಗಿ ಬಿಡಿಸಿಕೊಡುವ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರೇ ಮಾಡಬೇಕು. ಹಾಗಾಗಿ ಡ್ರೈವರ್ ಇಲ್ಲ ಎಂದರೆ ಪ್ರಿಂಟರ್ ಇಲ್ಲ. 1020ಕ್ಕೆ ಲಿನಕ್ಸಿನಲ್ಲಿ ಎಚ್‌ಪಿಯದೇ ಡ್ರೈವರ್ ಆದ ಎಚ್‌ಪಿಲಿಪ್ ಹಾಕಿ, ಅದರ ಜೊತೆ ಎಚ್‌ಪಿ-ಪ್ಲಗಿನ್ ಎಂಬುದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಪ್ರತಿ ಸಲ ಆನ್ ಮಾಡಿದಾಗ ಪ್ರಿಂಟರಿಗೆ ಫರ್ಮ್‌ವೇರ್ ತುಂಬುವುದು ಅದೇ. ಲಿನಕ್ಸ್ ಅಪ್‌ಡೇಟ್ ಆಗಿ ಎಚ್‌ಪಿಲಿಪ್ ಮುಂದಿನ ಆವೃತ್ತಿಗೆ ಹೋಯಿತು, ಪ್ಲಗಿನ್ ಹಿಂದೆಯೇ ಉಳಿಯಿತು ಅಂದುಕೊಳ್ಳಿ: ಪ್ರಿಂಟರ್ ಬಾಯಿ ಮುಚ್ಚಿ ಕೂರುತ್ತದೆ. ಪ್ಲಗಿನ್ ಮತ್ತೆ ಇಳಿಸಿದರೆ ಸರಿಹೋಗುತ್ತದೆ. 2900 ಇದಕ್ಕಿಂತ ಹಟಮಾರಿ. ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್‌ಗೆ 32 ಬಿಟ್ ಲೈಬ್ರರಿಗಳು ಬೇಕು, ಜೊತೆಗೊಂದು ಹಿನ್ನೆಲೆ ಸೇವೆ ಓಡುತ್ತಿರಬೇಕು. ರೀಸ್ಟಾರ್ಟ್ ಆದಾಗ ಅದು ಏಳದಿದ್ದರೆ ಪ್ರಿಂಟ್ ಸರದಿಯಲ್ಲಿ ನಿಂತೇ ಇರುತ್ತದೆ. ದಿನಕ್ಕೆ ನೂರು ಪುಟ ತೆಗೆಯುವವರು 2900 ಇಟ್ಟುಕೊಂಡು ಲಿನಕ್ಸ್‌ಗೆ ಹೋಗುವುದು ನನ್ನ ಲೆಕ್ಕದಲ್ಲಿ ಜಾಣತನವಲ್ಲ. ಮ್ಯಾಕ್‌ನಲ್ಲಿ 1020ಕ್ಕೆ ಎಚ್‌ಪಿಯ ಅಧಿಕೃತ ಡ್ರೈವರ್ ಇಲ್ಲ, 1022ರದ್ದನ್ನು ಆರಿಸಿ ಓಡಿಸುವವರಿದ್ದಾರೆ.

ಡಿಎಸ್‌ಸಿ ಟೋಕನ್ ನೋಡಲು ಪೆನ್‌ಡ್ರೈವ್, ಗುಣ ಬೇರೆ. ಸಹಿಯ ಗುಟ್ಟಿನ ಕೀಲಿ ಅದರೊಳಗಿನ ಚಿಪ್ಪಿನಿಂದ ಹೊರಬರುವುದಿಲ್ಲ, ಕಾಪಿ ಆಗುವುದಿಲ್ಲ. ಹೊಸ ಮಷೀನಿಗೆ ಟೋಕನ್ ಕಂಪನಿಯ ಡ್ರೈವರೂ ಬೇಕು, ಟೋಕನ್ನಿನಿಂದ ಸಹಿ ಹಾಕಿಸುವ ಜಿಎಸ್‌ಟಿ ಪೋರ್ಟಲ್ಲಿನ ಎಂಸೈನರೂ ಬೇಕು. ಟೋಕನ್ ಚುಚ್ಚಿದರೂ ಹೆಸರು ಪಟ್ಟಿಯಲ್ಲಿ ಬರಲಿಲ್ಲವೆಂದರೆ ಸಾಮಾನ್ಯವಾಗಿ ಟೋಕನ್ ಡ್ರೈವರ್ ಹಾಕಿಲ್ಲ, ಇಲ್ಲವೇ ಎಂಸೈನರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿಲ್ಲ, ಇಲ್ಲವೇ ಬ್ರೌಸರಿನಲ್ಲಿ 127.0.0.1:1585 ವಿಳಾಸಕ್ಕೆ ಒಮ್ಮೆ ಒಪ್ಪಿಗೆ ಕೊಟ್ಟಿಲ್ಲ. ಟೋಕನ್ ತಂತ್ರಾಂಶದಲ್ಲಿ 'ಇನಿಷಿಯಲೈಸ್' ಎಂಬ ಗುಂಡಿ ಕಂಡರೆ ಮುಟ್ಟಬೇಡಿ. ಅದು ಸರ್ಟಿಫಿಕೇಟನ್ನೇ ಅಳಿಸುತ್ತದೆ, ಹೊಸದಕ್ಕೆ ದುಡ್ಡು ಕಟ್ಟಬೇಕು. ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ ಜಿಎಸ್‌ಟಿಯಲ್ಲಿ ಡಿಎಸ್‌ಸಿ ಕಡ್ಡಾಯ. ಒಬ್ಬರೇ ಮಾಲೀಕರ ಅಂಗಡಿಗೆ ಮೊಬೈಲ್ ಒಟಿಪಿಯ ಇವಿಸಿ ಸಾಕು, ಅವರಿಗೆ ಈ ಕೊಂಡಿಯೇ ಇಲ್ಲ.

ಟ್ಯಾಲಿಪ್ರೈಮ್ ಬೆಂಗಳೂರಿನ ಸರಕಾದರೂ ನೇರವಾಗಿ ಓಡುವುದು ವಿಂಡೋಸಿನಲ್ಲಿ ಮಾತ್ರ. ಜಿಎಸ್‌ಟಿಯ ವಾರ್ಷಿಕ ರಿಟರ್ನ್ ಆದ ಜಿಎಸ್‌ಟಿಆರ್-9ರ ಆಫ್‌ಲೈನ್ ಎಕ್ಸೆಲ್ ಫೈಲು ಮ್ಯಾಕ್ರೋ ಮೇಲೆ ನಿಂತಿದೆ, ಲಿಬ್ರೆ ಆಫೀಸ್ ನಂಬಬೇಡಿ. 'ವರ್ಚುವಲ್ ಮಷೀನ್ ಹಾಕಿಕೊಂಡರಾಯಿತು', ಅಂದರೆ ಲಿನಕ್ಸಿನೊಳಗೇ ಒಂದು ಕಿಟಕಿಯಲ್ಲಿ ವಿಂಡೋಸ್ ಓಡಿಸಿದರಾಯಿತು ಎನ್ನುವವರಿದ್ದಾರೆ. ಆಗುತ್ತದೆ, 16 ಜಿಬಿ ರ‍್ಯಾಮ್ ಇದ್ದರೆ. ಅದಕ್ಕೆ ಬಳಸುವ ವರ್ಚುವಲ್‌ಬಾಕ್ಸ್‌ನಲ್ಲಿ ಟೋಕನ್ ಕಾಣಬೇಕೆಂದರೆ ಬಳಕೆದಾರರನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸಿ ಲಾಗ್‌ಔಟ್ ಮಾಡಿ ಬರಬೇಕು, ಇಲ್ಲದಿದ್ದರೆ ಯುಎಸ್‌ಬಿ ಪಟ್ಟಿ ಖಾಲಿ. ಮೇಲಾಗಿ ಆ ವಿಂಡೋಸ್‌ಗೆ ಬೇರೆ ಲೈಸೆನ್ಸ್ ಬೇಕು, ಹಳೇ ಲ್ಯಾಪ್‌ಟಾಪ್ ಜೊತೆ ಬಂದದ್ದು ವರ್ಗವಾಗುವುದಿಲ್ಲ. ದಿನವಿಡೀ ವರ್ಚುವಲ್ ವಿಂಡೋಸಿನಲ್ಲೇ ಕೂರುವವರು ಲಿನಕ್ಸ್‌ಗೆ ಹೋದಂತಾಯಿತೇ? ಆಪಲ್‌ನ ಎಂ ಸರಣಿಯ ಚಿಪ್ಪಿನ ಮ್ಯಾಕ್‌ನಲ್ಲಿ ನೇರವಾಗಿ ವಿಂಡೋಸ್ ಹಾಕಿಸುವ ಬೂಟ್‌ಕ್ಯಾಂಪ್ ಇಲ್ಲ, ವರ್ಚುವಲ್ ಮಷೀನಿನ ಒಳಗೆ ಓಡುವುದು ಬೇರೆ ಬಗೆಯ ಪ್ರೊಸೆಸರಿಗೆಂದು ಮಾಡಿದ ಆರ್ಮ್ ವಿಂಡೋಸ್, ಅದಕ್ಕೆ ಆರ್ಮ್ ಡ್ರೈವರೇ ಬೇಕು. ಟ್ಯಾಲಿ, ಟೋಕನ್ ಇರುವ ಆಫೀಸಿಗೆ ಮ್ಯಾಕ್ ವಿಚಾರ ಇಲ್ಲಿಗೇ ಬಿಡಿ.

ನನ್ನ ಸಲಹೆ ಇಷ್ಟು. ಟ್ಯಾಲಿ, ಟೋಕನ್, ಆಸ್ಕಿ ಫೈಲುಗಳಲ್ಲಿ ಒಂದಿದ್ದರೂ ಮುಖ್ಯ ಮಷೀನ್ ವಿಂಡೋಸ್ 11 ಇರಲಿ. ಮೂರೂ ಇಲ್ಲದ ಅನುವಾದಕರು, ಪತ್ರಕರ್ತರು, ವೆಬ್ ಕೆಲಸದವರು ಧೈರ್ಯವಾಗಿ ಲಿನಕ್ಸ್‌ಗೆ ಹೋಗಬಹುದು. ಹೋಗುವ ಮುಂಚೆ 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ 22 ಅಥವಾ ಉಬುಂಟು 24.04 ಬರೆದು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ವೈಫೈ, ಸ್ಕ್ಯಾನರ್, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರವಾಗುವುದು, ಎಲ್ಲ ಅರ್ಧ ದಿನದಲ್ಲಿ ಗೊತ್ತಾಗುತ್ತದೆ. ವಿಂಡೋಸ್ 11ಕ್ಕೆ ಬಡ್ತಿ ಸಿಗದ ಆ ಹಳೇ ಮಷೀನಿಗೂ ಇದನ್ನೇ ಹಾಕಿ ಇಂಟರ್ನೆಟ್ಟಿಗೆ, ಸ್ಕ್ಯಾನಿಂಗಿಗೆ ಇಟ್ಟುಕೊಳ್ಳಿ.

ಆದರೆ ಅದನ್ನು ಅಳಿಸುವ ಮುಂಚೆ ಟ್ಯಾಲಿಯಲ್ಲಿ ಎಫ್1 ಒತ್ತಿ, ಸೆಟ್ಟಿಂಗ್ಸ್, ಲೈಸೆನ್ಸ್‌ಗೆ ಹೋಗಿ ಲೈಸೆನ್ಸ್ ಸರೆಂಡರ್ ಮಾಡಿ. ಡೇಟಾ ಫೋಲ್ಡರ್ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್ ಒಳಗಿರುತ್ತದೆ. 'ಮೈ ಡಾಕ್ಯುಮೆಂಟ್ಸ್' ಮಾತ್ರ ಕಾಪಿ ಮಾಡಿದವರಿಗೆ ಅದು ಸಿಕ್ಕಿರುವುದಿಲ್ಲ. ಹೊಸ ಮಷೀನಿನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು. 48 ಅಂಕಿಯ ರಿಕವರಿ ಕೀ ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಅದರ ಪಕ್ಕದಲ್ಲೇ ಹಳೇ ಡಿಸ್ಕನ್ನೂ ಇಡಿ, ಲಿನಕ್ಸನ್ನು ಬೇರೆ ಎಸ್‌ಎಸ್‌ಡಿಗೆ ಹಾಕಿಸಿ, ಹೊಸ ಮಷೀನಿನಿಂದ ಒಂದು ರಿಟರ್ನ್ ಸಹಿಯಾಗಿ ಹೋಗುವ ತನಕವಾದರೂ.