ಬೋರ್ಡಿನ ಮೇಲಿನ ಎರಡು ಇಸವಿಗಳು

ಬಿ.ಎ. ಎರಡನೇ ವರ್ಷ. ಇತಿಹಾಸದ ಮೇಷ್ಟ್ರು ಬೋರ್ಡಿನ ಮೇಲೆ '1760, ವಾಂಡಿವಾಷ್' ಅಂತ ಬರೆದರು. ಪಕ್ಕದಲ್ಲೇ '1759, ಕ್ವಿಬೆಕ್' ಅಂತಲೂ ಬರೆದರು. "ಇದು ಪರೀಕ್ಷೆಗೆ ಬರಲ್ಲ, ಆದ್ರೂ ಬರ್ಕೊಳ್ಳಿ. ಒಂದು ತಮಿಳುನಾಡಲ್ಲಿ, ಇನ್ನೊಂದು ಕೆನಡಾದಲ್ಲಿ. ಎರಡೂ ಕಡೆ ಇಂಗ್ಲಿಷರು, ಫ್ರೆಂಚರೇ ಹೊಡೆದಾಡಿದ್ದು. ಒಂದೇ ಯುದ್ಧ ಕಣ್ರೋ" ಅಂದರು.

ಮುಂದೆ ನಾನು ಓದಲು ಹೋಗಿದ್ದು ಅದೇ ಕ್ವಿಬೆಕ್ ನಗರದ ಲಾವಾಲ್ ವಿಶ್ವವಿದ್ಯಾಲಯಕ್ಕೆ. 1663ರಲ್ಲಿ ಬಿಷಪ್ ಲಾವಾಲ್ ತೆರೆದ ಸೆಮಿನರಿಯೇ (ಪಾದ್ರಿಗಳ ತರಬೇತಿ ಶಾಲೆ) ಅದರ ಬೇರು. 1852ರಲ್ಲಿ ವಿಕ್ಟೋರಿಯಾ ರಾಣಿ ಸನ್ನದು ಕೊಟ್ಟಳು. ಸನ್ನದು ಇಂಗ್ಲಿಷರ ರಾಣಿಯದು, ಪಾಠ ಮಾತ್ರ ಫ್ರೆಂಚಿನಲ್ಲಿ! ಇಂಗ್ಲಿಷಿನಲ್ಲೇ ಓದಬೇಕು ಅನ್ನುವವರಿಗೆ ಮಾಂಟ್ರಿಯಲ್‌ನಲ್ಲಿ 1821ರ ಮೆಕ್‌ಗಿಲ್ ಇದೆ. ಹಿಮ ಬಿದ್ದಾಗ ನಾವು ಕ್ಯಾಂಪಸ್ಸಿನ ಸುರಂಗಗಳಲ್ಲೇ ಓಡಾಡುತ್ತಿದ್ದೆವು. ಮೊದಲ ಆರು ತಿಂಗಳು ಕ್ಲಾಸಿನಲ್ಲಿ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಕನ್ನಡ ಮೀಡಿಯಂನಿಂದ ಪಿಯುಸಿಗೆ ಬಂದ ದಿನಗಳು ಮತ್ತೆ ಬಂದಂತಾಗಿತ್ತು.

ಬಿಡುವಾದಾಗೆಲ್ಲ ಮೇಷ್ಟ್ರು ಹೇಳಿದ ಆ ಕಾಳಗ ನಡೆದ ಅಬ್ರಹಾಂ ಬಯಲಿಗೆ ಹೋಗುತ್ತಿದ್ದೆ. ಈಗ ಅದು ಪಾರ್ಕು, ಮಕ್ಕಳು ಆಡುತ್ತಿರುತ್ತಾರೆ. ಕೆಳಗೆ ಸೇಂಟ್ ಲಾರೆನ್ಸ್ ನದಿ. 1759ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಇಂಗ್ಲಿಷ್ ಸೈನಿಕರು ದಡದ ಕಡಿದಾದ ಗುಡ್ಡ ಹತ್ತಿ ಬಂದಿದ್ದರು. ಕಾಳಗ ಒಂದು ಗಂಟೆಯೂ ನಡೆಯಲಿಲ್ಲ. ಗೆದ್ದ ಇಂಗ್ಲಿಷ್ ಸೇನಾಪತಿ ವುಲ್ಫ್ ಬಯಲಲ್ಲೇ ಸತ್ತ. ಸೋತ ಫ್ರೆಂಚ್ ಸೇನಾಪತಿ ಮಾಂಕಾಮ್ ಗಾಯಗೊಂಡು ಮರುದಿನ ಬೆಳಿಗ್ಗೆ ಸತ್ತ. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸಿಗೆ ಪಾಂಡಿಚೇರಿ ವಾಪಸ್ ಸಿಕ್ಕಿತು, ಕ್ವಿಬೆಕ್ ಸಿಗಲಿಲ್ಲ.

ಆದರೂ ಜನ ಫ್ರೆಂಚ್ ಬಿಡಲಿಲ್ಲ ನೋಡಿ. ನನಗೆ ತುಂಬಾ ಹಿಡಿಸಿದ್ದು ಇದೇ. ಇಂಗ್ಲಿಷರೇ ಮಾಡಿದ 1774ರ ಕಾಯ್ದೆ ಅವರ ಧರ್ಮವನ್ನೂ ಆಸ್ತಿಪಾಸ್ತಿಯ ಕಾನೂನನ್ನೂ ಉಳಿಸಿತು. ಭಾಷೆಯನ್ನು ಮನೆ, ಚರ್ಚು, ಶಾಲೆಗಳು ಕಾಪಾಡಿಕೊಂಡು ಬಂದವು. 1977ರಲ್ಲಿ ಅವರೇ ಭಾಷಾ ಕಾನೂನು ಮಾಡಿ ಕಚೇರಿಗೆ, ಅಂಗಡಿಗೆ ಫ್ರೆಂಚ್ ತಂದರು. ಫ್ರಾನ್ಸಿನ ರಸ್ತೆಗಳಲ್ಲೇ 'ಸ್ಟಾಪ್' ಅಂತ ಇರುತ್ತೆ. ಇಲ್ಲಿ ಮಾತ್ರ ಫ್ರೆಂಚಿನ 'ಅರೆ', ಅಂದ್ರೆ 'ನಿಲ್ಲಿ'! ಪ್ರತಿ ಕಾರಿನ ನಂಬರ್ ಪ್ಲೇಟಿನ ಮೇಲೂ 'ನನಗೆ ನೆನಪಿದೆ' ಎಂಬ ಫ್ರೆಂಚ್ ಮಾತು. ಅಂಗಡಿ ಬೋರ್ಡುಗಳನ್ನು ಓದುತ್ತಾ ನಡೆಯುವಾಗ ನಮ್ಮೂರಿನ ಬೋರ್ಡುಗಳು ಸುಮ್ನೆ ಕಣ್ಣ ಮುಂದೆ ಬರುತ್ತಿದ್ದವು.

ಹೊರಡುವ ಮುಂಚೆ ಒಂದು ಫೋಟೋ ತೆಗೆದೆ. ಎಲ್ಲರೂ ತೆಗೆಯುವ ಶಾಟೋ ಫ್ರಾಂಟನಾಕ್ ಹೋಟೆಲಿನದಲ್ಲ. ಅದರ ಪಕ್ಕದ ತೋಟದಲ್ಲಿರುವ ಕಲ್ಲುಕಂಬದ್ದು. 1828ರದು. ವುಲ್ಫ್, ಮಾಂಕಾಮ್ ಇಬ್ಬರಿಗೂ ಸೇರಿ ಒಂದೇ ಸ್ಮಾರಕ. ಅದನ್ನು ಮೇಷ್ಟ್ರಿಗೆ ಕಳಿಸಿದೆ.

ಹೋದ ವರ್ಷ ಕಾಲೇಜಿಗೆ ಬಂದಾಗ ನೋಡಿದೆ. ಇತಿಹಾಸ ವಿಭಾಗದ ಬೀರುವಿನ ಬಾಗಿಲಿಗೆ ಆ ಫೋಟೋ ಅಂಟಿಸಿದ್ದಾರೆ. ಕೆಳಗೆ ಮೇಷ್ಟ್ರ ದುಂಡು ಅಕ್ಷರದಲ್ಲಿ ಅವೇ ಎರಡು ಇಸವಿಗಳು.