ಹಕ್ಕಿ ಅಲ್ಲ, ಎಲೆಕ್ಟ್ರಾನು
ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಇಯರ್‌ಫೋನ್ ಹಾಕ್ಕೊಂಡು ನಾಸಾದವ್ರ ಒಂದು ಆಡಿಯೋ ಕೇಳ್ತಾ ಮಲಗಿದ್ದೆ, ಥೇಟ್ ಬೆಳಗಿನ ಜಾವ ಮರದ ತುಂಬ ಹಕ್ಕಿ ಕೂಗೋ ಥರ. ಆದ್ರೆ ಅದು ಹಕ್ಕಿ ಅಲ್ಲ ಮಾರಾಯ್ರೆ, ಭೂಮಿಯಿಂದ ಸಾವಿರಾರು ಕಿಲೋಮೀಟರ್ ಮೇಲಿರೋ ಪ್ಲಾಸ್ಮಾ ಅಲೆ (ಪ್ಲಾಸ್ಮಾ ಅಂದ್ರೆ ವಿದ್ಯುತ್ ಇರೋ ಬಿಡಿ ಕಣಗಳ ಗ್ಯಾಸು). ಹೆಸರೂ ಕೋರಸ್ ಅಂತಾನೇ. ಇದು ರೇಡಿಯೋ ಥರದ ಅಲೆ, ಫ್ರೀಕ್ವೆನ್ಸಿ ಮಾತ್ರ ನಮ್ ಕಿವಿಯ ರೇಂಜಲ್ಲಿರೋದ್ರಿಂದ ಸ್ಪೀಕರ್‌ಗೆ ಕೊಟ್ರೆ ಹಿಂಗೆ ಕೇಳುತ್ತೆ.

1958ರಲ್ಲಿ ವಿಜ್ಞಾನಿ ವ್ಯಾನ್ ಆಲನ್ ಪತ್ತೆ ಮಾಡಿದ ರೇಡಿಯೇಶನ್ ಬೆಲ್ಟಲ್ಲಿ (ಭೂಮಿಯ ಕಾಂತಕ್ಷೇತ್ರ ಕಣಗಳನ್ನ ಹಿಡಿದಿಟ್ಕೊಂಡಿರೋ ಪಟ್ಟಿ, ಒಳಗೊಂದು ಹೊರಗೊಂದು) ಎಲೆಕ್ಟ್ರಾನ್‌ಗಳು ಹೆಚ್ಚೂಕಮ್ಮಿ ಬೆಳಕಿನ ವೇಗದಲ್ಲೇ ಓಡ್ತಾವೆ, ಅಷ್ಟು ಎನರ್ಜಿ ಹೊರಗಿಂದ ಒಳಗೆ ತಳ್ಳಿಸ್ಕೊಂಡು ಬರುವಾಗ ಸಿಗುತ್ತಾ ಅಥವಾ ಬೆಲ್ಟೊಳಗೇ ಸಿಗುತ್ತಾ ಅಂತ ತುಂಬಾ ವರ್ಷ ವಾದ ನಡೀತಿತ್ತು. 2012ರಲ್ಲಿ ಹೋದ ನಾಸಾದ ಎರಡು ನೌಕೆ, ವ್ಯಾನ್ ಆಲನ್ ಪ್ರೋಬ್‌ಗಳು ಆ ವರ್ಷದ ಅಕ್ಟೋಬರ್ ತಿಂಗಳ ಒಂದು ಕಾಂತ ಬಿರುಗಾಳಿಯಲ್ಲಿ (ಸೂರ್ಯನ ಕಡೆಯ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಅಲ್ಲಾಡೋದು) ನೋಡಿದ್ದು, ಎನರ್ಜಿ ಸಿಗೋದು ಬೆಲ್ಟಿನ ಒಳಗೇ. ಎಲೆಕ್ಟ್ರಾನ್ ಕಾಂತರೇಖೆ ಸುತ್ತ ಗಿರಕಿ ಹೊಡೀತಾ ಇರುತ್ತಲ್ಲ, ಆ ಗಿರಕಿಗೆ ಕೋರಸ್ ಅಲೆಯ ತಾಳ ಕೂಡಿದ್ರೆ ಉಯ್ಯಾಲೆನ ಸರಿಯಾದ ಟೈಮಿಗೆ ನೂಕಿದಂಗೆ, ಎನರ್ಜಿ ಏರ್ತಾ ಏರ್ತಾ ಹೋಗುತ್ತೆ.

ಮಜಾ ಏನಂದ್ರೆ ಅದೇ ಅಲೆ ಇನ್ನೊಂದಿಷ್ಟು ಎಲೆಕ್ಟ್ರಾನ್‌ಗಳನ್ನ ದಿಕ್ಕು ತಪ್ಪಿಸಿ ವಾತಾವರಣಕ್ಕೆ ಬೀಳ್ಸುತ್ತೆ, ಧ್ರುವದ ಕಡೆ ಮಿಣುಕ್ ಮಿಣುಕ್ ಅನ್ನೋ ಒಂಥರಾ ಅರೋರಾ (ಆಕಾಶದ ಬಣ್ಣದ ಬೆಳಕು) ಬರೋದು ಹಂಗೆ. ಹಿಸ್ ಅಂತ ಇನ್ನೊಂದು ಅಲೆನೂ ಇದೆ, ಕೇಳೋಕೆ ಬೋರು, ಸ್ಟೇಷನ್ ಸಿಗದ ರೇಡಿಯೋ. ಆದ್ರೆ ಎರಡು ಬೆಲ್ಟ್ ನಡುವಿನ ಜಾಗ ಗುಡಿಸಿ ಖಾಲಿ ಇಟ್ಟಿರೋದ್ರಲ್ಲಿ ಅದರದ್ದೇ ದೊಡ್ಡ ಪಾಲು, ಪಾಪ ಯಾರೂ ಅದರ ಆಡಿಯೋ ಶೇರ್ ಮಾಡಲ್ಲ.

ಇಯರ್‌ಫೋನ್ ತೆಗೆದಾಗ ಐದೂವರೆ, ಹೊರಗೆ ನಿಜವಾದ ಹಕ್ಕಿಗಳು ಶುರು ಮಾಡಿದ್ವು. ಕೋರಸ್ಸೂ ಭೂಮಿಯ ಬೆಳಗಾಗ್ತಿರೋ ಕಡೆನೇ ಜಾಸ್ತಿ.