ಹಿಂದಿನ ಬೋಲ್ಟ್ ಬೆರಳಲ್ಲೇ ಹೋಗಬೇಕು

ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸಿಕೊಂಡು ಹೋದವರು ಎರಡು ತಿಂಗಳಿಗೇ ವಾಪಸ್ ಬಂದರು. "ಹಿಂದೆ ಏನೋ ಕಟಕಟ ಅಂತಿದೆ, ಸ್ವಲ್ಪ ನೋಡಿ" ಅಂದರು. ಕೂತು ನೋಡಿದೆ. ಸೈಲೆನ್ಸರನ್ನು ಫ್ರೇಮಿಗೆ ಹಿಡಿದಿಡುವ ಬ್ರಾಕೆಟ್, ವೆಲ್ಡಿಂಗ್ ಪಕ್ಕದಲ್ಲೇ ಸೀಳಿಕೊಂಡಿತ್ತು. ಪೂರ್ತಿ ಬಿಟ್ಟಿರಲಿಲ್ಲ, ಆದರೆ ಬಿರುಕಿಗೆ ಉಗುರು ಸಿಕ್ಕುತ್ತಿತ್ತು. ಅದನ್ನು ಹಾಕಿದವನು ನಾನೇ. ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷ ಆಗಿರಲಿಲ್ಲ.

ಪೈಪೇ ಸರಿ ಇಲ್ಲ ಅಂತ ಹೇಳೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೇಸ್ತ್ರಿ ಬಂದು ಮಾತಿಲ್ಲದೆ ಹಿಂದಿನ ಬೋಲ್ಟ್ ಬಿಚ್ಚತೊಡಗಿದರು. ಕೊನೆಯ ಸುತ್ತು ಬಿಟ್ಟಿದ್ದೇ ತಡ, ಸೈಲೆನ್ಸರ್ ಟಕ್ ಅಂತ ಹೊರಗೆ ಹಾರಿತು. ಬ್ರಾಕೆಟ್ಟಿನ ತೂತಿಗೂ ಫ್ರೇಮಿನ ತೂತಿಗೂ ಕಿರುಬೆರಳಿನ ದಪ್ಪದಷ್ಟು ದೂರ ಇತ್ತು.

"ಎಳೆದು ಕೂರಿಸಿದ್ದೀಯಲ್ಲೋ" ಅಂದರು.

ಹೌದು, ಎಳೆದೇ ಕೂರಿಸಿದ್ದೆ. ಮೊದಲು ಇಂಜಿನ್ ಹತ್ತಿರದ ಎರಡು ನಟ್ ಪೂರ್ತಿ ಬಿಗಿ ಮಾಡಿದ್ದೆ. ಹಿಂದೆ ಬಂದರೆ ತೂತಿಗೆ ತೂತು ಕೂಡಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ, ಮೀಟಿ, ಬೋಲ್ಟ್ ಹಾಕಿ ಬಿಗಿದುಬಿಟ್ಟಿದ್ದೆ. ನೋಡೋಕೆ ಚೆನ್ನಾಗೇ ಇತ್ತು. ಆದರೆ ಆ ಪೈಪ್ ಎರಡು ತಿಂಗಳು ಬಿಲ್ಲಿನ ಹಾಗೆ ಬಾಗಿಕೊಂಡೇ ಓಡಾಡಿದೆ. ಮೇಲಿಂದ ಇಂಜಿನ್ ನಡುಕ ಬೇರೆ. ಲೋಹ ಎಲ್ಲಿ ಸೋಲುತ್ತದೆ? ವೆಲ್ಡಿಂಗ್ ಅಂಚಿನಲ್ಲಿ.

ಬಿಸಿಯ ಲೆಕ್ಕವನ್ನೂ ಅವತ್ತೇ ಕಲಿತೆ. ಒಂದು ಮೀಟರ್ ಸ್ಟೇನ್‌ಲೆಸ್ ಪೈಪ್ 300 ಡಿಗ್ರಿಯಷ್ಟು ಬಿಸಿ ಏರಿದರೆ ಸುಮಾರು 5 ಮಿ.ಮೀ. ಉದ್ದ ಆಗುತ್ತದೆ. ಇಂಜಿನ್ನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿಗೆ ಅಷ್ಟು ಬಿಸಿ ದಿನಾ ಇದ್ದದ್ದೇ. ಅದಕ್ಕೇ ಒಳ್ಳೆಯ ಪೈಪುಗಳಲ್ಲಿ ಒಂದರೊಳಗೊಂದು ಜಾರುವ ಜಾಯಿಂಟ್ ಇಟ್ಟು ಸ್ಪ್ರಿಂಗ್ ಹಾಕುತ್ತಾರೆ, ಬ್ರಾಕೆಟ್ಟಿಗೆ ರಬ್ಬರ್ ಬುಷ್ ಕೊಡುತ್ತಾರೆ. ಆ ಬುಷ್ ಕಳಚಿ ಸುಮ್ನೆ ಬೋಲ್ಟ್ ಹೊಡೆದರೆ ಪೈಪಿಗೆ ಹಿಗ್ಗೋಕೆ ಜಾಗವೇ ಇರಲ್ಲ.

ಆವತ್ತಿನಿಂದ ನನ್ನ ಕ್ರಮ ಬದಲಾಯಿತು. ಮೊದಲು ಎಲ್ಲಾ ನಟ್ಟು, ಕ್ಲಾಂಪು, ಬೋಲ್ಟನ್ನು ಕೈಯಲ್ಲೇ ಹಿಡಿಸುತ್ತೇನೆ. ಏನೂ ಬಿಗಿ ಇರಬಾರದು. ಪೈಪನ್ನು ಸ್ವಲ್ಪ ಅಲ್ಲಾಡಿಸಿ, ತಿರುಗಿಸಿ, ಅದು ತಾನಾಗಿ ಎಲ್ಲಿ ಕೂರುತ್ತದೆ ಅಂತ ನೋಡುತ್ತೇನೆ. ಆಮೇಲೆ ಇಂಜಿನ್ ಕಡೆಯಿಂದ ಶುರು. ಎರಡೂ ನಟ್ ಒಂದಾದ ಮೇಲೆ ಒಂದು, ಸ್ವಲ್ಪ ಸ್ವಲ್ಪವೇ, ಪೈಪಿನ ಬಾಯಿ ನೇರವಾಗಿ ಕೂರುವ ಹಾಗೆ. ಕೊನೆಗೆ ಎಷ್ಟು ಬಿಗಿ ಆಯಿತು ಅಂತ ಅಳೆಯುವ ಟಾರ್ಕ್ ರೆಂಚ್, ಮ್ಯಾನ್ಯುಯಲ್ ಹೇಳಿದಷ್ಟು ಮಾತ್ರ. ಆಮೇಲೆ ಮಧ್ಯದ ಕ್ಲಾಂಪ್. ಬ್ರಾಕೆಟ್ ಎಲ್ಲಕ್ಕಿಂತ ಕೊನೆಗೆ. ಆಗಲೂ ಬ್ರಾಕೆಟ್ಟಿಗೂ ಫ್ರೇಮಿಗೂ ಸಂದು ಉಳಿದರೆ ವಾಷರ್ ಇಟ್ಟು ತುಂಬಿಸುತ್ತೇನೆ, ಬೋಲ್ಟಿನಿಂದ ಎಳೆಯಲ್ಲ.

ಹಳೆಯದನ್ನು ಬಿಚ್ಚುವಾಗಲೂ ಅಷ್ಟೇ ತಾಳ್ಮೆ ಬೇಕು. ಇಂಜಿನ್ ಹೆಡ್ ಅಲ್ಯೂಮಿನಿಯಂ, ಅದರಿಂದ ಹೊರಚಾಚಿ ನಟ್ ಹಿಡಿಯುವ ಸ್ಟಡ್ ಉಕ್ಕು. ಬಿಸಿ, ನೀರು, ತುಕ್ಕು ಸೇರಿ ನಟ್ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ನಟ್ ಬಿಗಿಯಾಗಿ ಬರುತ್ತಿದ್ದರೆ ಒಂದೇ ಸಮ ತಿರುಗಿಸಬೇಡಿ, ಸ್ವಲ್ಪ ಬಿಚ್ಚಿ, ಮತ್ತೆ ಒಳಗೆ ತಿರುಗಿಸಿ, ಮತ್ತೆ ಬಿಚ್ಚಿ. ಸ್ಟಡ್ ಹೆಡ್ಡಿನೊಳಗೆ ಮುರಿದುಕೊಂಡರೆ ಒಂದು ಗಂಟೆಯ ಕೆಲಸಕ್ಕೆ ಇಡೀ ದಿನ ಹೋಗುತ್ತದೆ.

ಇನ್ನು ಹಳೇ ಗ್ಯಾಸ್ಕೆಟ್, ಅಂದರೆ ಪೈಪಿಗೂ ಹೆಡ್ಡಿಗೂ ನಡುವೆ ಸೋರದ ಹಾಗೆ ಕೂರುವ ರಿಂಗ್. ಬೆಂಡ್ ಪೈಪ್ ತೆಗೆದ ಮೇಲೆ ಟಾರ್ಚ್ ಹಾಕಿ ಒಳಗೆ ನೋಡಿದರೆ ಎಲ್ಲಾ ಕರ್ರಗೆ ಕಾಣುತ್ತದೆ. ಹಳೇ ತಾಮ್ರದ ರಿಂಗ್ ಮಸಿ ಹಿಡಿದು ಹೆಡ್ಡಿನದೇ ಭಾಗದ ಹಾಗೆ ಅಂಟಿಕೊಂಡಿರುತ್ತದೆ. ಸಣ್ಣ ಕೊಕ್ಕೆಯಿಂದ ಅಂಚನ್ನು ಮೆಲ್ಲಗೆ ಕೆರೆದರೆ ತಾಮ್ರ ಮಿಣುಕುತ್ತದೆ, ಆಗ ಗೊತ್ತಾಗುತ್ತದೆ. ಅದರ ಮೇಲೇ ಹೊಸ ರಿಂಗ್ ಇಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಪೈಪ್ ನೇರ ಕೂರಲ್ಲ, ಗಾಳಿ ಸೋರುತ್ತದೆ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಸೆನ್ಸರ್ ಇರುವ ಬೈಕಾದರೆ ಇನ್ನೂ ಕಷ್ಟ. ಸೋರುವ ಜಾಗದಿಂದ ಹೊರಗಿನ ಗಾಳಿ ಒಳಗೆ ಹೋದರೆ, ಪೆಟ್ರೋಲ್ ಕಡಿಮೆ ಆಗ್ತಿದೆ ಅಂತ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ನಂಬಿ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿಯುವುದಕ್ಕೂ ಎಷ್ಟೋ ಸಲ ಇಂಥ ಸೋರಿಕೆಯೇ ಕಾರಣ. ಹಾಗೇ, ಸೆನ್ಸರ್ ಬಿಚ್ಚುವ ಮೊದಲು ಅದರ ಕನೆಕ್ಟರ್ ಕಳಚಿ. ಇಲ್ಲದಿದ್ದರೆ ವೈರ್ ತಿರುಚಿಕೊಂಡು ಒಳಗೇ ಕಟ್ ಆಗುತ್ತದೆ.

ಸೆಂಟರ್ ಸ್ಟ್ಯಾಂಡ್ ಕೂಡ ಒಂದು ಸಲ ನೋಡಿ. ಕೆಲವು ಬೈಕುಗಳಲ್ಲಿ ಸ್ಟ್ಯಾಂಡ್ ಮಡಚಿದಾಗ ತಾಗಿ ನಿಲ್ಲುವ ರಬ್ಬರ್ ಇರೋದೇ ಹಳೇ ಸೈಲೆನ್ಸರಿನಲ್ಲಿ. ಅದು ಹೋದರೆ ಸ್ಟ್ಯಾಂಡ್ ಮೇಲಕ್ಕೆ ಹೋಗಿ ಬೇರೆಲ್ಲೋ ಬಡಿಯುತ್ತದೆ. ಸೈಲೆನ್ಸರಿನೊಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೆಗೆದುಕೊಡಿ ಅಂತ ಕೇಳುವವರಿಗೆ ನಾನು ಆಗಲ್ಲ ಅಂತಲೇ ಹೇಳುತ್ತೇನೆ. ಅಕ್ಕಪಕ್ಕದವರೂ ನಿದ್ದೆ ಮಾಡಬೇಕು ಅಲ್ವಾ?

ಸ್ಟಾರ್ಟ್ ಮಾಡುವ ಮೊದಲು ಪೈಪಿನ ಮೇಲಿನ ಕೈಗುರುತನ್ನೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿ. ಬಿಸಿಯಾದರೆ ಬೆರಳಿನ ಜಿಡ್ಡು ಸುಟ್ಟು ಕಲೆ ಅಲ್ಲೇ ಉಳಿಯುತ್ತದೆ. ಒಂದು ಸಲ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ನಟ್ಟುಗಳನ್ನು ಮತ್ತೆ ನೋಡಿ. ಗ್ಯಾಸ್ಕೆಟ್ ಅದುಮಿಕೊಂಡು ಸ್ವಲ್ಪ ಸಡಿಲ ಆಗಿರುತ್ತದೆ.

ಆ ಬೈಕಿನ ಬ್ರಾಕೆಟ್ಟಿಗೆ ಹೊಸದಾಗಿ ವೆಲ್ಡಿಂಗ್ ಮಾಡಿಸಿ ನಾನೇ ಮತ್ತೆ ಕೂರಿಸಿದೆ. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. ಹಿಂದಿನ ಬೋಲ್ಟನ್ನು ತೂತಿಗಿಟ್ಟು ಎರಡೇ ಬೆರಳಲ್ಲಿ ತಿರುಗಿಸಿದೆ. ಕೊನೆಯವರೆಗೂ ಎಲ್ಲೂ ತಡೆಯಲಿಲ್ಲ. ಆಮೇಲೆ ಅವರೇ ಸ್ಪ್ಯಾನರ್ ಎತ್ತಿ ನನ್ನ ಕೈಗೆ ಕೊಟ್ಟರು.